ನೂರಕ್ಕೆ 99 ಪಾಲು ಬರೀ ಬಿಸಿ

ಎಕ್ಸ್-ರೇ ಕೊಳವೆ ಇರುವುದು ಎಕ್ಸ್-ರೇ ಉತ್ಪಾದಿಸಲು ಎಂದೇ ನಾವೆಲ್ಲ ತಿಳಿದಿದ್ದೇವೆ. ಲೆಕ್ಕ ಹಾಕಿ ನೋಡಿದರೆ ಅದು ಮುಖ್ಯವಾಗಿ ಬಿಸಿ ಉತ್ಪಾದಿಸುವ ಸಾಧನ. 100 ಕಿಲೋವೋಲ್ಟ್‌ನಲ್ಲಿ ನಡೆಯುವ ಕೊಳವೆಗೆ ಸುರಿದ ಶಕ್ತಿಯಲ್ಲಿ ಎಕ್ಸ್-ರೇ ಆಗಿ ಹೊರಬರುವುದು ಶೇ. 1ಕ್ಕೂ ಕಡಿಮೆ. ಮಿಕ್ಕದ್ದೆಲ್ಲ ಆನೋಡ್ ಎಂಬ ಲೋಹದ ತುಂಡಿನಲ್ಲಿ ಶಾಖವಾಗುತ್ತದೆ. ಇದನ್ನು ಎಲ್ಲಿಗೆ ಸಾಗಹಾಕುವುದು ಎಂಬ ತಲೆನೋವೇ ಆನೋಡಿನ ಚರಿತ್ರೆ.

ಕೊಳವೆಯ ಒಳಗೆ ಗಾಳಿಯಿಲ್ಲ. ಒಂದು ತುದಿಯಲ್ಲಿ ಕ್ಯಾಥೋಡ್. ಅಲ್ಲಿ ಬೆಳ್ಳಗೆ ಹೊಳೆಯುವಷ್ಟು ಕಾದ ಟಂಗ್‌ಸ್ಟನ್ ತಂತಿ ಇಲೆಕ್ಟ್ರಾನುಗಳನ್ನು ಹೊರಬಿಡುತ್ತದೆ. ಎದುರಿಗೆ ಆನೋಡ್. ನಡುವಿನ ವೋಲ್ಟೇಜ್ 100 ಕಿಲೋವೋಲ್ಟ್ ಇದ್ದರೆ ಇಲೆಕ್ಟ್ರಾನು ಆನೋಡಿಗೆ ಅಪ್ಪಳಿಸುವ ಹೊತ್ತಿಗೆ ಬೆಳಕಿನ ಅರ್ಧಕ್ಕಿಂತ ಹೆಚ್ಚು ವೇಗ ಗಳಿಸಿರುತ್ತದೆ. ಅಲ್ಲಿಂದ ಮುಂದೆ ಬಹುಪಾಲು ಇಲೆಕ್ಟ್ರಾನುಗಳು ಲೋಹದ ಪರಮಾಣುಗಳ ಹೊರಕವಚದ ಇಲೆಕ್ಟ್ರಾನುಗಳಿಗೆ ಡಿಕ್ಕಿ ಹೊಡೆಯುತ್ತ, ಶಕ್ತಿಯನ್ನು ಚೂರು ಚೂರೇ ಕಳೆದುಕೊಂಡು ನಿಲ್ಲುತ್ತವೆ. ಅದೇ ಶಾಖ. ಎಲ್ಲೋ ಒಂದು ಇಲೆಕ್ಟ್ರಾನು ಮಾತ್ರ ಪರಮಾಣುವಿನ ಬೀಜದ ತೀರಾ ಹತ್ತಿರ ಹಾದು, ಅದರ ಸೆಳೆತಕ್ಕೆ ಸಿಕ್ಕಿ ಗಕ್ಕನೆ ತಿರುಗಿ ನಿಧಾನವಾಗುತ್ತದೆ. ಆಗ ಕಳೆದುಕೊಂಡ ಶಕ್ತಿ ಎಕ್ಸ್-ರೇ ಆಗಿ ಹೊರಡುತ್ತದೆ. ಇನ್ನೂ ಕೆಲವು, ಪರಮಾಣುವಿನ ತೀರಾ ಒಳಗಿನ ಇಲೆಕ್ಟ್ರಾನನ್ನೇ ಒದ್ದು ಹೊರಹಾಕುತ್ತವೆ. ತೆರವಾದ ಆ ಜಾಗಕ್ಕೆ ಮೇಲಿನಿಂದ ಮತ್ತೊಂದು ಇಳಿಯುವಾಗ, ಆ ಲೋಹಕ್ಕೇ ವಿಶಿಷ್ಟವಾದ ಶಕ್ತಿಯ ಕಿರಣ ಹೊಮ್ಮುತ್ತದೆ. ಟಂಗ್‌ಸ್ಟನ್‌ನಲ್ಲಿ ಅದಕ್ಕೆ 69.5 ಕಿಲೋವೋಲ್ಟ್‌ನಷ್ಟಾದರೂ ಬೇಕು. 60 ಕಿಲೋವೋಲ್ಟ್‌ನಲ್ಲಿ ತೆಗೆದ ಕೈಯ ಚಿತ್ರದಲ್ಲಿ ಈ ಎರಡನೆಯ ಬಗೆಯ ಕಿರಣದ ಪಾತ್ರವೇ ಇಲ್ಲ.

ಪರಮಾಣು ಬೀಜದ ವಿದ್ಯುದಂಶ, ಅಂದರೆ ಧಾತುವಿನ ಕ್ರಮಸಂಖ್ಯೆ, ಹೆಚ್ಚಿದ್ದಷ್ಟೂ ಎಕ್ಸ್-ರೇ ಇಳುವರಿ ಹೆಚ್ಚು. ಹಾಗಾದರೆ 74ನೇ ಧಾತುವಾದ ಟಂಗ್‌ಸ್ಟನ್ ಯಾಕೆ, 78ರ ಪ್ಲಾಟಿನಂ ಅಥವಾ 79ರ ಚಿನ್ನ ಯಾಕಲ್ಲ? ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಪ್ಲಾಟಿನಂ 1768ಕ್ಕೆ. ಟಂಗ್‌ಸ್ಟನ್ ಕರಗಲು 3422 ಡಿಗ್ರಿ ಬೇಕು. ಸ್ತನದ ಮ್ಯಾಮೋಗ್ರಫಿಗೆ ಮಾತ್ರ ಬಹುಕಾಲ ಮಾಲಿಬ್ಡಿನಂ ಆನೋಡನ್ನೇ ನೆಚ್ಚಿಕೊಂಡಿದ್ದರು. ಅದು ಕೊಡುವ 17.5 ಮತ್ತು 19.6 ಕಿಲೋ ಇಲೆಕ್ಟ್ರಾನ್ ವೋಲ್ಟ್‌ನ ಮೃದು ಕಿರಣಗಳು ಮೆತ್ತನೆಯ ಅಂಗಾಂಶದ ಸಣ್ಣ ವ್ಯತ್ಯಾಸವನ್ನೂ ಎತ್ತಿ ತೋರಿಸುತ್ತವೆ.

1895ರ ನವೆಂಬರ್‌ನಲ್ಲಿ ಜರ್ಮನಿಯ ವುರ್ಜ್‌ಬರ್ಗ್‌ನಲ್ಲಿ ಭೌತವಿಜ್ಞಾನಿ ರಾಂಟ್‌ಜೆನ್ ಈ ಕಿರಣಗಳನ್ನು ಕಂಡಾಗ ಇಲೆಕ್ಟ್ರಾನುಗಳು ಬಡಿಯುತ್ತಿದ್ದದ್ದು ಕೊಳವೆಯ ಗಾಜಿನ ಗೋಡೆಗೇ. ಮರುವರ್ಷವೇ ಲಂಡನ್ನಿನ ಹರ್ಬರ್ಟ್ ಜಾಕ್ಸನ್, ಬಟ್ಟಲಿನಾಕಾರದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳನ್ನು ಒಂದೇ ಕಡೆ ಕೂಡಿಸಿ, ಓರೆಯಾಗಿ ನಿಲ್ಲಿಸಿದ ಪ್ಲಾಟಿನಂ ತಗಡಿಗೆ ಹೊಡೆಸಿದರು. ಚಿತ್ರ ಸ್ಪಷ್ಟವಾಯಿತು, ಆದರೆ ತಗಡು ಹೆಚ್ಚು ತಾಳುತ್ತಿರಲಿಲ್ಲ. ಟಂಗ್‌ಸ್ಟನ್ ಬೇಕು ಎಂದು ಎಲ್ಲರಿಗೂ ಗೊತ್ತಿದ್ದರೂ ಅದು ಪಳಗದ ಲೋಹ, ಬಗ್ಗಿಸಿದರೆ ಮುರಿಯುತ್ತಿತ್ತು. ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಡ್ಜ್ ಬಲ್ಬಿನ ತಂತಿಗಾಗಿ ಅದನ್ನು ಎಳೆಯಲು ಬರುವಂತೆ ಮಾಡಿದರು. 1913ರಲ್ಲಿ ಕಾದ ತಂತಿಯ ಕ್ಯಾಥೋಡ್, ಟಂಗ್‌ಸ್ಟನ್ ಆನೋಡ್ ಎರಡನ್ನೂ ಸೇರಿಸಿ ಹೊಸ ಕೊಳವೆ ಕಟ್ಟಿದರು. ಇಂದಿನ ಕೊಳವೆಗಳೆಲ್ಲ ಅದರ ವಂಶದವೇ. ಹಲ್ಲಿನ ಡಾಕ್ಟರ ಬಳಿ ಇರುವ ಪುಟ್ಟ ಯಂತ್ರದಲ್ಲಿ ತಾಮ್ರದ ಗಟ್ಟಿಯಲ್ಲಿ ಹುದುಗಿಸಿದ ಟಂಗ್‌ಸ್ಟನ್ ಬಿಲ್ಲೆಯೇ ಇವತ್ತಿಗೂ ಸಾಕು. ಟಂಗ್‌ಸ್ಟನ್ ಏಟು ತಿನ್ನುತ್ತದೆ, ತಾಮ್ರ ಬಿಸಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಆದರೆ ಸೊಂಟದ ಮೂಳೆಯ ಚಿತ್ರಕ್ಕೆ ಇಷ್ಟು ಸಾಲದು. 80 ಕಿಲೋವೋಲ್ಟ್, 400 ಮಿಲಿಆಂಪಿಯರ್ ಎಂದರೆ 32 ಕಿಲೋವ್ಯಾಟ್. 2 ಕಿಲೋವ್ಯಾಟಿನ ಹದಿನಾರು ಗೀಸರ್‌ಗಳನ್ನು ಒಟ್ಟಿಗೆ ಹಚ್ಚಿದಷ್ಟು. ಇದೆಲ್ಲ ಬೀಳಬೇಕಾದದ್ದು ಒಂದೆರಡು ಮಿಲಿಮೀಟರ್ ಜಾಗದ ಮೇಲೆ. ದೊಡ್ಡ ಜಾಗಕ್ಕೆ ಹರಡಿಬಿಡೋಣ ಎಂದರೆ, ಕಿರಣ ಹೊರಡುವ ಚುಕ್ಕೆ ಅಗಲವಾದಂತೆಲ್ಲ ಮೂಳೆಯ ಅಂಚು ಮಸುಕಾಗುತ್ತದೆ. ಚಿತ್ರಕ್ಕೆ ಸಣ್ಣ ಚುಕ್ಕೆ ಬೇಕು, ಲೋಹಕ್ಕೆ ದೊಡ್ಡದು.

ಈ ಜಗಳಕ್ಕೆ ಸಿಕ್ಕ ಮೊದಲ ರಾಜಿ ಆನೋಡಿನ ಮುಖವನ್ನು ಓರೆ ಮಾಡುವುದು. ಮುಖದ ಓರೆ 12 ಡಿಗ್ರಿ ಎಂದಿಟ್ಟುಕೊಳ್ಳಿ. ಇಲೆಕ್ಟ್ರಾನುಗಳು 1.2 ಮಿ.ಮೀ. ಅಗಲ, ಸುಮಾರು 6 ಮಿ.ಮೀ. ಉದ್ದದ ಪಟ್ಟಿಯ ಮೇಲೆ ಬೀಳುತ್ತವೆ. ಕೆಳಗೆ ಮಲಗಿದ ರೋಗಿಯ ಕಡೆಯಿಂದ ನೋಡಿದಾಗ ಆ ಉದ್ದ ಕುಗ್ಗಿ, 1.2 ಮಿ.ಮೀ.ನ ಚೌಕವಾಗಿ ಕಾಣುತ್ತದೆ. ಬಿಸಿಗೆ ಐದು ಪಟ್ಟು ಜಾಗ ಸಿಕ್ಕಿತು, ಚಿತ್ರಕ್ಕೇನೂ ನಷ್ಟವಾಗಲಿಲ್ಲ. ಪುಕ್ಕಟೆ ಮಾತ್ರ ಅಲ್ಲ: ಆನೋಡಿನ ಕಡೆಗೆ ಹೊರಡುವ ಕಿರಣಗಳು ಟಂಗ್‌ಸ್ಟನ್‌ನೊಳಗೇ ಹೆಚ್ಚು ದೂರ ಸಾಗಬೇಕಾಗಿ, ಆ ಬದಿಯಲ್ಲಿ ಕಿರಣ ತೆಳುವಾಗುತ್ತದೆ. ಅನುಭವಿ ತಂತ್ರಜ್ಞರು ಇದನ್ನೇ ಲಾಭ ಮಾಡಿಕೊಳ್ಳುತ್ತಾರೆ. ತೊಡೆಯ ಚಿತ್ರ ತೆಗೆಯುವಾಗ ದಪ್ಪಗಿರುವ ಸೊಂಟದ ಕಡೆಯನ್ನು ಕ್ಯಾಥೋಡಿನ ಕೆಳಗೂ ಮಂಡಿಯನ್ನು ಆನೋಡಿನ ಕೆಳಗೂ ಬರುವಂತೆ ಮಲಗಿಸುತ್ತಾರೆ.

ಎರಡನೆಯ ಉಪಾಯ ಆನೋಡನ್ನೇ ತಿರುಗಿಸುವುದು, ನನ್ನ ಮಟ್ಟಿಗೆ ಇಡೀ ಕೊಳವೆಯಲ್ಲಿ ಇದಕ್ಕಿಂತ ಸೊಗಸಾದದ್ದಿಲ್ಲ. 1929ರಲ್ಲಿ ಫಿಲಿಪ್ಸ್ ಕಂಪನಿಯ ಆಲ್ಬರ್ಟ್ ಬೌವರ್ಸ್ ಇದನ್ನು ಮಾರುಕಟ್ಟೆಗೆ ತಂದರು. ಇಲ್ಲಿ ಆನೋಡೇ ಒಂದು ಬಿಲ್ಲೆ. ಅದರ ವ್ಯಾಸ ಸುಮಾರು 10 ಸೆಂಟಿಮೀಟರ್, ತಿರುಗುವ ವೇಗ ನಿಮಿಷಕ್ಕೆ 3000 ಸುತ್ತಿನ ಆಸುಪಾಸು. ಇಲೆಕ್ಟ್ರಾನುಗಳು ಬೀಳುವ ಜಾಗ ಕದಲುವುದಿಲ್ಲ, ಅದರಡಿಯ ಲೋಹ ಮಾತ್ರ ಓಡುತ್ತಿರುತ್ತದೆ. ಲೆಕ್ಕ ಹಾಕಿದರೆ ಬಿಲ್ಲೆಯ ಅಂಚಿನ ಯಾವುದೇ ಬಿಂದು ಒಂದು ಸುತ್ತಿನಲ್ಲಿ ಏಟು ತಿನ್ನುವುದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಮೋಟಾರಿನ ಸುರುಳಿಗಳು ಗಾಜಿನ ಹೊರಗೆ, ತಿರುಗುವ ಭಾಗವಾದ ರೋಟರ್ ಒಳಗೆ. ನಡುವೆ ತಂತಿಯ ಸಂಬಂಧವಿಲ್ಲ, ಕಾಂತಕ್ಷೇತ್ರ ಗಾಜು ದಾಟಿ ತಿರುಗಿಸುತ್ತದೆ. ಎಕ್ಸ್-ರೇ ಕೋಣೆಯಲ್ಲಿ “ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ” ಎನ್ನುವ ಹೊತ್ತಿಗೆ ಗುಂಯ್ ಎಂದು ಏರುವ ಸದ್ದು ಇದರದ್ದೇ. ಬಟನ್ ಅರ್ಧ ಒತ್ತಿದಾಗ ಬಿಲ್ಲೆ ವೇಗ ಪಡೆಯುತ್ತದೆ, ಪೂರ್ತಿ ಒತ್ತಿದ ಮೇಲೆಯೇ ಕಿರಣ.

ತಿರುಗುವ ವಸ್ತುವಿಗೆ ಬೇರಿಂಗ್ ಬೇಕು, ನಿರ್ವಾತದಲ್ಲಿ ಎಣ್ಣೆ ಹಾಕುವಂತಿಲ್ಲ. ಹಾಗಾಗಿ ಉಕ್ಕಿನ ಗುಂಡುಗಳಿಗೆ ಬೆಳ್ಳಿ ಅಥವಾ ಸೀಸದ ತೆಳು ಲೇಪ ಕೊಡುತ್ತಾರೆ. ಬಿಲ್ಲೆಯ ಬಿಸಿ ಬೇರಿಂಗ್‌ಗೆ ಇಳಿಯದಂತೆ ನಡುವಿನ ಕಾಂಡವನ್ನು ಸಣ್ಣದಾಗಿ, ಮಾಲಿಬ್ಡಿನಂನಲ್ಲಿ ಮಾಡುತ್ತಾರೆ. ಹಾಗೆ ದಾರಿ ಕಟ್ಟಿದ ಮೇಲೆ ಬಿಸಿಗೆ ಉಳಿಯುವುದು ಒಂದೇ ಮಾರ್ಗ, ಕೆಂಪಗೆ ಹೊಳೆಯುತ್ತ ವಿಕಿರಣವಾಗಿ ಹೋಗುವುದು. ದೊಡ್ಡ ಬಿಲ್ಲೆಗಳ ಬೆನ್ನಿಗೆ ಗ್ರಾಫೈಟ್ ಅಂಟಿಸುವುದು ಇದಕ್ಕೇ: ಅದು ಹಗುರ, ಬಿಸಿಯನ್ನು ಹೆಚ್ಚು ಹಿಡಿಯುತ್ತದೆ, ಕಪ್ಪಗಿರುವುದರಿಂದ ಚೆನ್ನಾಗಿ ಹೊರಸೂಸುತ್ತದೆ.

ಇಷ್ಟೆಲ್ಲ ಮಾಡಿದರೂ ಲೋಹ ದಣಿಯುತ್ತದೆ. ತಣ್ಣಗಿರುವ ಟಂಗ್‌ಸ್ಟನ್ ಪೆಡಸು. ಬೆಳಿಗ್ಗೆ ಬಂದವರೇ ಭಾರಿ ಎಕ್ಸ್‌ಪೋಷರ್ ಕೊಟ್ಟರೆ ಬಿಲ್ಲೆ ಸೀಳಬಹುದು. ಅದಕ್ಕೇ ಮೊದಲು ಖಾಲಿ ಮೇಜಿನ ಮೇಲೆ ಕೆಲವು ಸಣ್ಣ ಎಕ್ಸ್‌ಪೋಷರ್ ಕೊಟ್ಟು ಟ್ಯೂಬ್ ಬಿಸಿ ಮಾಡಿಕೊಳ್ಳುವ ರೂಢಿ. ಟಂಗ್‌ಸ್ಟನ್‌ಗೆ ಶೇ. 5ರಿಂದ 10ರಷ್ಟು ರೀನಿಯಂ ಎಂಬ ಲೋಹ ಬೆರೆಸಿದರೆ ಬಿರುಕು ಬಿಡುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹಳೆಯ ಬಿಲ್ಲೆಯಲ್ಲಿ ಇಲೆಕ್ಟ್ರಾನುಗಳು ಬೀಳುವ ಪಥ ಒರಟಾಗಿ, ಬಿರುಕಿನೊಳಗೆ ಹುಟ್ಟಿದ ಕಿರಣ ಅಲ್ಲೇ ಇಂಗಿಹೋಗುತ್ತದೆ. ಆವಿಯಾದ ಟಂಗ್‌ಸ್ಟನ್ ಗಾಜಿನ ಒಳಮೈಗೆ ಕಂದು ಕನ್ನಡಿಯ ಹಾಗೆ ಕೂರುತ್ತದೆ, ಕಡೆಗೊಂದು ದಿನ ಅದರ ಮೇಲೆ ಕಿಡಿ ಹಾರುತ್ತದೆ. “ಟ್ಯೂಬ್ ಹೋಯ್ತು” ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಇವುಗಳಲ್ಲೊಂದು ಇರುತ್ತದೆ, ಇಲ್ಲವೇ ಸವೆದ ಬೇರಿಂಗ್.

ಸಿಟಿ ಸ್ಕ್ಯಾನರ್‌ನಲ್ಲಿ ಈ ಕೊಳವೆಯೇ ರೋಗಿಯ ಸುತ್ತ ಗಿರಗಿರನೆ ತಿರುಗುವುದರಿಂದ ಗುಂಡುಗಳ ಬೇರಿಂಗ್ ಇನ್ನಷ್ಟು ಬೇಗ ಸವೆಯುತ್ತದೆ. ಫಿಲಿಪ್ಸ್‌ನವರು ಗುಂಡುಗಳನ್ನೇ ಬಿಟ್ಟು, ಗ್ಯಾಲಿಯಂ ಬೆರೆತ ದ್ರವಲೋಹದ ತೆಳು ಪದರದ ಮೇಲೆ ಬಿಲ್ಲೆಯನ್ನು ತೇಲಿಸಿದರು. ಆ ಲೋಹವೇ ಬಿಸಿಯನ್ನೂ ಹೊರಗೆ ಸಾಗಿಸುತ್ತದೆ. ಸೀಮೆನ್ಸ್‌ನವರು 2000ದ ದಶಕದಲ್ಲಿ ಇನ್ನೂ ಮುಂದೆ ಹೋಗಿ ಬೇರಿಂಗನ್ನು ನಿರ್ವಾತದಿಂದಲೇ ಹೊರಗೆ ತಂದರು. ಅವರ ಸ್ಟ್ರಾಟಾನ್ ಕೊಳವೆಯಲ್ಲಿ ಆನೋಡ್ ಬೇರೆಯಾಗಿ ತಿರುಗುವುದಿಲ್ಲ, ಕೊಳವೆಗೆ ಕೊಳವೆಯೇ ಎಣ್ಣೆಯಲ್ಲಿ ಮುಳುಗಿ ತಿರುಗುತ್ತದೆ. ಆನೋಡಿನ ಬೆನ್ನು ನೇರವಾಗಿ ಎಣ್ಣೆಗೆ ತಾಗಿರುತ್ತದೆ. ಇಲೆಕ್ಟ್ರಾನುಗಳ ಧಾರೆಯನ್ನು ಮಾತ್ರ ಹೊರಗಿನ ಕಾಂತಸುರುಳಿಗಳು ಬಗ್ಗಿಸಿ ಒಂದೇ ಜಾಗಕ್ಕೆ ಬೀಳಿಸುತ್ತವೆ.