ಕಾಮಿಡಿಯಲ್ಲಿ ಸಲಿಂಗಿ: ನಗಿಸುವವರೆಗೆ ಮಾತ್ರ ಪ್ರವೇಶ

ತುಮಕೂರಿನ ಬಿ.ಎಚ್. ರಸ್ತೆಯ ಆಚೀಚೆ ಎಂಜಿನಿಯರಿಂಗ್ ಹುಡುಗರಿಗೆ ಬಾಡಿಗೆ ಕೊಟ್ಟ ಮನೆಗಳು ಬೇಕಾದಷ್ಟಿವೆ. ವಾರಾಂತ್ಯದ ರಾತ್ರಿ ಕೆಳಗಡೆ ಓನರ್ ಮನೆಯ ಹಾಲಿನಲ್ಲಿ ಕನ್ನಡದ ಕಾಮಿಡಿ ಶೋ ಓಡುತ್ತಿರುತ್ತದೆ, ಮಹಡಿಯಲ್ಲಿ ಹುಡುಗರ ಮೊಬೈಲಿನಲ್ಲಿ ‘ಫ್ರೆಂಡ್ಸ್’, ‘ಮಾಡರ್ನ್ ಫ್ಯಾಮಿಲಿ’. ಕೆಳಗೆ ಸೀರೆ ಉಟ್ಟ ಗಂಡಸೊಬ್ಬ ಅತಿಥಿಯಾಗಿ ಬಂದ ಹೀರೋನ ಕೆನ್ನೆ ಸವರಿ ‘ಸಾರ್, ಒಂದೇ ಒಂದು ಹಗ್’ ಅನ್ನುತ್ತಾನೆ. ಹೀರೋ ಕುರ್ಚಿ ಬಿಟ್ಟು ಓಡುತ್ತಾನೆ, ಜಡ್ಜುಗಳು ಮೇಜು ಕುಟ್ಟಿ ನಗುತ್ತಾರೆ. ಮೇಲೆ ಇಬ್ಬರು ಗಂಡಸರು ದತ್ತು ಮಗಳನ್ನು ಬೆಳೆಸುವ ವಿಚಾರಕ್ಕೆ ಗಂಡ–ಹೆಂಡಿರಂತೆ ಕಿತ್ತಾಡುತ್ತಿರುತ್ತಾರೆ.

ಎರಡೂ ಕಾಮಿಡಿಯೇ. ಇಷ್ಟು ಅಂತರ ಏಕೆಂದು ಕೇಳಿದರೆ ‘ಅವರ ಸಂಸ್ಕೃತಿ ಬೇರೆ, ನಮ್ಮದು ಬೇರೆ’ ಎಂಬ ಉತ್ತರ ಸಿದ್ಧವಾಗಿದೆ. ಅಮೆರಿಕದ ಟಿವಿಯ ಐವತ್ತು ವರ್ಷ ನೋಡಿದರೆ ಆ ಉತ್ತರ ಅಷ್ಟು ಗಟ್ಟಿ ಎನಿಸುವುದಿಲ್ಲ. ಅಲ್ಲೂ ಬಾಗಿಲು ಕಾಯುತ್ತಿದ್ದವನು ಜಾಹೀರಾತುದಾರ.

1971ರಲ್ಲಿ ‘ಆಲ್ ಇನ್ ದ ಫ್ಯಾಮಿಲಿ’ಯ ಒಂದು ಕಂತಿನಲ್ಲಿ ಮನೆಯ ಯಜಮಾನ ಆರ್ಚಿ ಬಂಕರ್, ಅಳಿಯನ ನಾಜೂಕು ಗೆಳೆಯನನ್ನು ನೋಡಿ ಇವನು ‘ಅಂಥವನೇ’ ಎಂದು ಆಡಿಕೊಳ್ಳುತ್ತಾನೆ. ಕೊನೆಗೆ ನೋಡಿದರೆ ಸಲಿಂಗಿಯಾಗಿದ್ದವನು ಅವನದೇ ಬಾರಿನ ಗೆಳೆಯ, ಕಟ್ಟುಮಸ್ತಾದ ಮಾಜಿ ಫುಟ್‌ಬಾಲ್ ಆಟಗಾರ. ಜಾಣ ಬರವಣಿಗೆ. ಆದರೆ ಆ ಪಾತ್ರ ಬಂದದ್ದು ಒಂದು ಕಂತಿಗೆ, ನೆಂಟನಂತೆ. 1977ರ ‘ಸೋಪ್’ನಲ್ಲಿ ನಟ ಬಿಲ್ಲಿ ಕ್ರಿಸ್ಟಲ್ ಮಾಡಿದ ‘ಜೋಡಿ’ ಎಂಬ ಹೆಸರಿನ ಸಲಿಂಗಿ ಪಾತ್ರ ಮಾತ್ರ ಮನೆಯವನೇ ಆಗಿದ್ದ. ಪ್ರಸಾರಕ್ಕೆ ಮೊದಲೇ ಪ್ರತಿಭಟನೆಗಳಾದವು, ಕೆಲವು ಪ್ರಾಯೋಜಕರು ಹಿಂದೆ ಸರಿದರು. ಬರೆಯುವವರಿಗೂ ಅವನನ್ನು ಏನು ಮಾಡಬೇಕೆಂದು ಗೊತ್ತಿದ್ದಂತಿಲ್ಲ. ಮೊದಲು ಲಿಂಗ ಬದಲಾವಣೆ ಶಸ್ತ್ರಚಿಕಿತ್ಸೆಗೆ ಹೊರಡಿಸಿದರು, ಅದನ್ನು ಕೈಬಿಟ್ಟು ಒಬ್ಬಳು ಹೆಂಗಸಿನಿಂದ ಮಗುವಿನ ತಂದೆ ಮಾಡಿದರು. ಗಂಡಸನ್ನು ಪ್ರೀತಿಸುವ ಗಂಡಸು ಬೇರೆ, ಹೆಣ್ಣಾಗಬೇಕೆಂದು ಬಯಸುವವರು ಬೇರೆ ಎಂಬುದು ಆ ಟೇಬಲ್ಲಿನಲ್ಲಿ ಯಾರಿಗೂ ಹೊಳೆದಿರಲಿಲ್ಲವೇನೋ. ನಮ್ಮಲ್ಲಿ ಇವತ್ತಿಗೂ ಅದೇ ಗೊಂದಲ.

1996ರಲ್ಲಿ ‘ಫ್ರೆಂಡ್ಸ್’ನ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಮದುವೆಯಾದರು. ಮದುವೆಯಲ್ಲಿ ಮುತ್ತು ಮಾತ್ರ ತೋರಿಸಲಿಲ್ಲ. ಮರುವರ್ಷ ಏಪ್ರಿಲ್ 30ರಂದು ‘ಎಲೆನ್’ನ ನಾಯಕಿ ತಾನು ಸಲಿಂಗಿ ಎಂದು ಹೇಳಿಕೊಂಡಾಗ ಸುಮಾರು 4.2 ಕೋಟಿ ಜನ ನೋಡಿದರು. ಕ್ರೈಸ್ಲರ್, ಜೆಸಿ ಪೆನ್ನಿಯಂಥ ಕಂಪನಿಗಳು ಜಾಹೀರಾತು ಕೊಡಲಿಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ಥಳೀಯ ಸ್ಟೇಷನ್ ಆ ಕಂತನ್ನೇ ಬಿತ್ತರಿಸದಿದ್ದಾಗ ಊರಿನವರು ಸಭಾಂಗಣ ಹಿಡಿದು ಉಪಗ್ರಹದ ಮೂಲಕ ತರಿಸಿಕೊಂಡು ನೋಡಿದರು. 1998ರಲ್ಲಿ ಧಾರಾವಾಹಿ ನಿಂತಿತು.

ಅದೇ ವರ್ಷ ಎನ್‌ಬಿಸಿ ಚಾನೆಲ್‌ನಲ್ಲಿ ‘ವಿಲ್ ಆ್ಯಂಡ್ ಗ್ರೇಸ್’ ಶುರುವಾಯಿತು. ಮಾರಾಟದ ಸೂತ್ರ ಸಿಕ್ಕಿದ್ದು ಇಲ್ಲಿ. ವಿಲ್ ವಕೀಲ, ಸುಂದರ, ದುಡ್ಡಿರುವವನು. ವಾಸ ಒಬ್ಬ ಗೆಳತಿಯ ಜೊತೆ. ದೂರದಿಂದ ನೋಡಿದವರಿಗೆ ದಂಪತಿಯೇ. ಕುಣಿತ, ಕೀಟಲೆ, ‘ಗೇ’ ಎನ್ನುವುದಕ್ಕೆ ಜನ ನಿರೀಕ್ಷಿಸುವ ಎಲ್ಲವನ್ನೂ ಪಕ್ಕದ ಜ್ಯಾಕ್‌ಗೆ ವಹಿಸಿದ್ದರು. ಮೊದಲ ವರ್ಷಗಳಲ್ಲಿ ವಿಲ್‌ಗೆ ಪ್ರೇಮವೆಂಬುದು ಹೆಸರಿಗಷ್ಟೇ. ಫೆಬ್ರವರಿ 2000ದ ಒಂದು ಕಂತು ಈ ಇಕ್ಕಟ್ಟನ್ನೇ ಕಥೆ ಮಾಡಿಕೊಂಡಿತು. ಟಿವಿಯಲ್ಲಿ ಬರಬೇಕಿದ್ದ ಇಬ್ಬರು ಗಂಡಸರ ಮುತ್ತಿಗಾಗಿ ಜ್ಯಾಕ್ ಕಾದು ಕುಳಿತಿರುತ್ತಾನೆ, ಆ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಬೇರೆಡೆ ತಿರುಗುತ್ತದೆ. ಸಿಟ್ಟಾಗಿ ಅವನೂ ವಿಲ್ಲೂ ಚಾನೆಲ್ ಕಚೇರಿಗೆ ಹೋಗುತ್ತಾರೆ, ಅಲ್ಲಿ ಕೆಲಸವಾಗುವುದಿಲ್ಲ. ಕೊನೆಗೆ ಬೆಳಗಿನ ಲೈವ್ ಕಾರ್ಯಕ್ರಮದ ಕ್ಯಾಮೆರಾ ಮುಂದೆ, ಹವಾಮಾನ ಹೇಳುವವನ ಪಕ್ಕ ನಿಂತು ವಿಲ್ ಜ್ಯಾಕ್‌ಗೆ ಮುತ್ತು ಕೊಟ್ಟುಬಿಡುತ್ತಾನೆ. ಪ್ರೇಮಿಗಳಲ್ಲ, ಬರೀ ಸ್ನೇಹಿತರು. ಹಟಕ್ಕೆ, ನಗೆಗೆ ಕೊಟ್ಟ ಮುತ್ತು, ಹಾಗಾಗಿ ದಕ್ಕಿತು.

ಅಷ್ಟು ಹೊತ್ತಿಗೆ ಜಾಹೀರಾತಿನವರ ಲೆಕ್ಕವೂ ತಿರುಗಿತ್ತು. ಸಲಿಂಗಿಗಳೆಂದರೆ ಇಬ್ಬರ ಸಂಬಳ, ಮಕ್ಕಳ ಖರ್ಚಿಲ್ಲ, ಒಳ್ಳೆಯ ಬಟ್ಟೆ, ಪ್ರವಾಸ ಎಂಬ ಚಿತ್ರ ಮಾರುಕಟ್ಟೆಯಲ್ಲಿ ಓಡತೊಡಗಿತು. ಬಡ ಸಲಿಂಗಿ, ಕಪ್ಪು ಸಲಿಂಗಿ, ಹಳ್ಳಿಯ ಸಲಿಂಗಿ ಆ ಚಿತ್ರದಲ್ಲಿ ಇರಲಿಲ್ಲ. 2012ರಲ್ಲಿ ಅಂದಿನ ಉಪಾಧ್ಯಕ್ಷ ಜೋ ಬೈಡನ್ ಅಮೆರಿಕನ್ನರಿಗೆ ತಿಳಿವಳಿಕೆ ಕೊಟ್ಟದ್ದಕ್ಕೆ ‘ವಿಲ್ ಆ್ಯಂಡ್ ಗ್ರೇಸ್’ ಅನ್ನೇ ಹೊಗಳಿದರು. ಹೊಗಳಿಕೆ ಸುಳ್ಳೇನಲ್ಲ. ಆದರೂ 2009ರಲ್ಲಿ ಬಂದ ‘ಮಾಡರ್ನ್ ಫ್ಯಾಮಿಲಿ’ಯ ಜೋಡಿ ಮುತ್ತು ಕೊಡಲು ಎರಡನೇ ಸೀಸನ್‌ವರೆಗೆ ಕಾಯಬೇಕಾಯಿತು, ಅದೂ ನೋಡುಗರು ಫೇಸ್‌ಬುಕ್‌ನಲ್ಲಿ ಗಲಾಟೆ ಎಬ್ಬಿಸಿದ ಮೇಲೆ.

ಇನ್ನು ನಮ್ಮ ಸೀರೆ ಉಟ್ಟ ಗಂಡಸಿನ ವಿಚಾರ. ತುಮಕೂರು ಜಿಲ್ಲೆಗೆ ಅವನು ಹೊಸಬನಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯಲ್ಲಿ ಮೊದಮೊದಲು ಸ್ತ್ರೀ ಪಾತ್ರಗಳೆಲ್ಲ ಗಂಡಸರವೇ. ಹೆಣ್ಣುಮಕ್ಕಳು ರಂಗಕ್ಕೆ ಬಂದದ್ದು ಆಮೇಲೆ. ಈ ಸೀಮೆಯ ಮೂಡಲಪಾಯ ಯಕ್ಷಗಾನದಲ್ಲೂ ಹಾಗೆಯೇ. ಸೆರಗು ಹೊದೆಯುವುದರಿಂದ ಹಿಡಿದು ದನಿ ಎಳೆಯುವವರೆಗೆ ಅದು ಕಲಿತು ಮಾಡುವ ವಿದ್ಯೆ. ನೋಡುವವರು ಒಳಗಿರುವ ಗಂಡಸನ್ನು ಮರೆತರೆ ನಟ ಗೆದ್ದಂತೆ. ಟಿವಿಯ ಕಾಮಿಡಿಯಲ್ಲಿ ಇದರ ಉಲ್ಟಾ: ಯಾರೂ ಮರೆಯಲೇಬಾರದು. ಸರಿಯಾದ ಹೊತ್ತಿಗೆ ಗೊಗ್ಗರು ದನಿ ಹೊರಬರಬೇಕು, ಬ್ಲೌಸಿನೊಳಗೆ ತುರುಕಿದ್ದು ಜಾರಬೇಕು, ವಿಗ್ಗು ಕೈಗೆ ಬರಬೇಕು. ಈಗ ನಮ್ಮ ಹಳ್ಳಿಗಳ ಕುರುಕ್ಷೇತ್ರ ನಾಟಕಗಳಲ್ಲಿ ದ್ರೌಪದಿ, ಕುಂತಿಯರಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ದುರ್ಯೋಧನನಾಗಲು ಊರಿನವರೇ ಕೈಯಿಂದ ದುಡ್ಡು ಹಾಕುತ್ತಾರೆ. ಹೆಣ್ಣುವೇಷದ ಗಂಡಸು ಹಳ್ಳಿಯ ರಂಗದಿಂದ ಇಳಿದು ಟಿವಿ ಸ್ಟುಡಿಯೋ ಹತ್ತಿದ. ಹತ್ತುವಾಗ ವಿದ್ಯೆಯನ್ನು ಕೆಳಗೇ ಬಿಟ್ಟ ಎನ್ನುವುದು ನನ್ನ ತಕರಾರು.

ಈ ವೇಷ ಸಲಿಂಗಿಯ ಜಾಗವನ್ನೂ ಹಿಡಿದು ಕೂತಿರುವುದು ಇನ್ನೊಂದು ತೊಂದರೆ. ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ, ಪ್ಯಾಂಟು ಶರ್ಟಿನಲ್ಲಿ ಸಿಟಿ ಬಸ್ ಹತ್ತುವ ಸಲಿಂಗಿಗೂ ಈ ವೇಷಕ್ಕೂ ಸಂಬಂಧವಿಲ್ಲ. ಆದರೂ ಸಹೋದ್ಯೋಗಿಗಳು ಅವನನ್ನು ಅಳೆಯುವ ಕೋಲು ಇದೇ. ಲಿಂಗತ್ವ ಅಲ್ಪಸಂಖ್ಯಾತರಿಗೂ ಇದರಿಂದ ಅವಮಾನವೇ. ಜನ ಒಪ್ಪುವುದಿಲ್ಲ ಎನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ‘ನಾನು ಅವನಲ್ಲ... ಅವಳು’ ಚಿತ್ರದ ಲಿಂಗತ್ವ ಅಲ್ಪಸಂಖ್ಯಾತೆಯ ಪಾತ್ರಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಕನ್ನಡಿಗರು ಹೆಮ್ಮೆಯಿಂದಲೇ ಹೇಳಿಕೊಂಡರು.

ಕಾನೂನು ಹಿಂದೆ ಮುಂದೆ ಓಡಾಡಿತು. 2009ರಲ್ಲಿ ದೆಹಲಿ ಹೈಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನಲ್ಲಿ, ಈ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಆ ಭಾಗ ಬಿದ್ದುಹೋಯಿತು. ತೀರ್ಪು ಬಂದ ಮಾತ್ರಕ್ಕೆ ಪ್ರಾಯೋಜಕರಿಗೆ ಧೈರ್ಯ ಬರಲಿಲ್ಲ. 2021ರ ಅಕ್ಟೋಬರಿನಲ್ಲಿ ಡಾಬರ್ ಕಂಪನಿ ಇಬ್ಬರು ಹೆಂಗಸರು ಪರಸ್ಪರರಿಗಾಗಿ ಕರ್ವಾ ಚೌತ್ (ಉತ್ತರ ಭಾರತದಲ್ಲಿ ಹೆಂಡತಿ ಗಂಡನಿಗಾಗಿ ಉಪವಾಸವಿರುವ ಹಬ್ಬ) ಆಚರಿಸುವ ಜಾಹೀರಾತು ಮಾಡಿತು. ಮಧ್ಯಪ್ರದೇಶದ ಗೃಹ ಸಚಿವರು ಕ್ರಮದ ಎಚ್ಚರಿಕೆ ಕೊಟ್ಟರು, ಕಂಪನಿ ಜಾಹೀರಾತನ್ನು ವಾಪಸ್ ಪಡೆಯಿತು.

ಕನ್ನಡದ ವಾರಾಂತ್ಯದ ಶೋಗಳ ನಡುವೆ ಬರುವುದು ಅಡುಗೆ ಎಣ್ಣೆ, ಮಸಾಲೆ ಪುಡಿ, ಬಟ್ಟೆ ಸೋಪು, ಚಿನ್ನದಂಗಡಿ. ಎಲ್ಲವನ್ನೂ ಇಡೀ ಮನೆ ಕೂತು ನೋಡುತ್ತದೆ ಎಂಬ ಲೆಕ್ಕದಲ್ಲೇ ಮಾರುತ್ತಾರೆ. ಮಹಡಿಯ ಮೊಬೈಲಿನದು ತಿಂಗಳ ಚಂದಾ, ನೋಡುವವನು ಒಬ್ಬನೇ, ಕಿವಿಯಲ್ಲಿ ಇಯರ್‌ಫೋನ್; ಅಲ್ಲಿ ಎಣ್ಣೆ ಕಂಪನಿಯನ್ನು ಕೇಳಬೇಕಾಗಿಲ್ಲ. 2019ರ ‘ಮೇಡ್ ಇನ್ ಹೆವನ್’ ವೆಬ್ ಸರಣಿ ಸಲಿಂಗಿ ನಾಯಕನನ್ನು ಇಟ್ಟುಕೊಂಡು ಬಂದದ್ದು ಅಂಥ ವೇದಿಕೆಗೆ. ಅದು ಗಂಭೀರ ಕಥೆ. ಮನೆಮಂದಿಯೆಲ್ಲ ಕೂತು ನೋಡುವ ಕನ್ನಡದ ಕಾಮಿಡಿಯಲ್ಲಿ ಬಾಡಿಗೆ ಕಟ್ಟುವ, ಅಮ್ಮನ ಫೋನಿಗೆ ಹೆದರುವ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಸಂಗಾತಿಯ ಜೊತೆ ಜಗಳವಾಡುವ ಸಲಿಂಗಿ ಬರಬೇಕಾದರೆ ಆ ಎಣ್ಣೆ, ಆ ಚಿನ್ನದಂಗಡಿಗಳ ಪೈಕಿ ಯಾರಾದರೂ ಮೊದಲು ಜಾಹೀರಾತಿನ ಸ್ಲಾಟ್ ಕೊಳ್ಳಬೇಕು.