ಅಜ್ಜಿ ಹೇಳಿದ್ದು ಬ್ಲಾಗಿಗೆ, ಪುಸ್ತಕದಲ್ಲಿರುವುದು ವಿಕಿಗೆ

ಎಂಟನೇ ತರಗತಿಯ ಮಕ್ಕಳಿಗೆ ‘ನಮ್ಮೂರ ಕೆರೆ’ ಎಂದು ಪ್ರಬಂಧ ಕೊಟ್ಟು ನೋಡಿ. ‘ನಮ್ಮೂರ ಕೆರೆ ಬಹಳ ಹಳೆಯದು, ನೋಡಲು ತುಂಬಾ ಸುಂದರವಾಗಿದೆ’ ಎಂಬ ಸಾಲು ನೋಟ್‌ಬುಕ್ಕಿನಿಂದ ನೋಟ್‌ಬುಕ್ಕಿಗೆ ಹಾಗೇ ಬರುತ್ತದೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅದನ್ನು ಓದುವವರು ಮೇಷ್ಟ್ರು ಒಬ್ಬರೇ, ಅವರು ದಿನಾ ಅದೇ ಕೆರೆ ಏರಿ ಮೇಲೆ ಶಾಲೆಗೆ ಬರುತ್ತಾರೆ. ಗೊತ್ತಿರುವವರಿಗೆ ಬಿಡಿಸಿ ಹೇಳುವುದು ಯಾಕೆ, ಅಲ್ವಾ?

ಬರವಣಿಗೆ ಕಲಿಸಲು ಬ್ಲಾಗು, ವಿಕಿ ಬೇಕು ಎಂದು ನಾನು ಹೇಳುವುದು ಇದಕ್ಕೇ. ಅವು ಹೊಸ ಓದುಗರನ್ನು ತರುತ್ತವೆ. ಕೆರೆಯನ್ನೇ ಕಾಣದ ಯಾರೋ ಓದುತ್ತಾರೆ ಎಂದು ತಿಳಿದರೆ ಸಾಕು, ಕೋಡಿ ಯಾವ ಕಡೆ ಇದೆ, ತೂಬು ತೆಗೆಯುತ್ತಿದ್ದ ನೀರುಗಂಟಿ ಯಾರು, ಅಚ್ಚುಕಟ್ಟಿನಲ್ಲಿ ಈಗ ಏನು ಬೆಳೆಯುತ್ತಾರೆ ಎಂಬುದೆಲ್ಲ ಬರಹದೊಳಗೆ ಬರುತ್ತದೆ.

ಆದರೆ ಎರಡನ್ನೂ ಒಂದೇ ಎಂದುಕೊಳ್ಳಬಾರದು. ಬ್ಲಾಗು ಒಬ್ಬರ ಮಾತು. ವಿಕಿ ಹಲವರು ಸೇರಿ ತಿದ್ದುವ ಪುಟ. ಮೊದಲ ವಿಕಿಯನ್ನು ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಶುರು ಮಾಡಿದರು. ಕನ್ನಡ ವಿಕಿಪೀಡಿಯ ಬಂದದ್ದು 2003ರಲ್ಲಿ. ‘ನನಗೆ ಗೊತ್ತು’ ಎಂದರೆ ವಿಕಿಪೀಡಿಯದಲ್ಲಿ ನಡೆಯುವುದಿಲ್ಲ. ಎಲ್ಲಿ ಅಚ್ಚಾಗಿದೆ ಎಂದು ತೋರಿಸಬೇಕು.

ಪಾಠ ರಂಗೇರುವುದು ಇಲ್ಲಿಯೇ. ಏರಿ ನಿಲ್ಲಲಿಲ್ಲ ಎಂದು ಹೆಣ್ಣೊಬ್ಬಳನ್ನು ಕೆರೆಗೆ ಬಲಿ ಕೊಟ್ಟರಂತೆ ಎಂಬ ಕತೆ ನಮ್ಮ ಎಷ್ಟೋ ಊರುಗಳಲ್ಲಿದೆ. ಹುಡುಗಿಯೊಬ್ಬಳು ಅಜ್ಜಿಯಿಂದ ಅದನ್ನು ಕೇಳಿಕೊಂಡು ಬಂದಳು ಎನ್ನಿ. ಬ್ಲಾಗಿನಲ್ಲಿ ಅವಳು ‘ನಮ್ಮಜ್ಜಿ ಹೇಳುವಂತೆ’ ಎಂದು ಶುರು ಮಾಡಿ, ಅಜ್ಜಿಯ ಮಾತಿನ ಧಾಟಿಯಲ್ಲೇ ಬರೆಯಲಿ. ‘ಕ್ಯಾಣ’, ‘ವಸಿ’ ಮುಂತಾದ ಊರ ಮಾತುಗಳನ್ನು ದಯವಿಟ್ಟು ತಿದ್ದಬೇಡಿ. ಮನೆಮಾತಿಗೆ ಬರಹದಲ್ಲಿ ಜಾಗ ಸಿಕ್ಕ ಮಗು ಜಾಸ್ತಿ ಬರೆಯುತ್ತದೆ.

ಅದೇ ಕೆರೆಯ ಬಗ್ಗೆ ವಿಕಿ ಪುಟ ಬರೆಯಲು ಕೂತಾಗ ಪಕ್ಕದ ಹುಡುಗ ಅದರ ಜೊತೆಗಿರುವ ಚರ್ಚೆ ಪುಟದಲ್ಲಿ ಕೇಳುತ್ತಾನೆ: ‘ಹಳೆಯದು ಅಂದರೆ ಎಷ್ಟು ಹಳೆಯದು? ಯಾರು ಹೇಳಿದರು?’ ಈಗ ಪುಸ್ತಕ ತೆಗೆಯಲೇಬೇಕು. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೆ ಮೈಸೂರು ಮತ್ತು ಕೊಡಗಿನ ಶಾಸನಗಳನ್ನು ಜಿಲ್ಲೆ, ತಾಲ್ಲೂಕಿನ ಪ್ರಕಾರ ಕೊಟ್ಟಿದ್ದಾರೆ. ಕೆರೆ ಕಟ್ಟಿಸಿದ್ದು, ಅದಕ್ಕಾಗಿ ಭೂಮಿ ಬಿಟ್ಟದ್ದು ಅವುಗಳಲ್ಲಿ ಎಷ್ಟೋ ಕಡೆ ಇದೆ. ತಮ್ಮ ಊರಿನ ಹೆಸರು ಅಲ್ಲಿ ಸಿಕ್ಕಿದರೆ ಮಕ್ಕಳ ಖುಷಿ ನೋಡಬೇಕು. ಸಿಗದಿದ್ದರೆ ‘ಬಹಳ ಹಳೆಯದು’ ಎಂಬ ಮಾತನ್ನು ಅವರೇ ಅಳಿಸುತ್ತಾರೆ. ಗೊತ್ತಿಲ್ಲದ್ದನ್ನು ತಾನಾಗಿ ಅಳಿಸುವುದು ದೊಡ್ಡ ಕಲಿಕೆ. ಕೆಂಪು ಪೆನ್ನಿನಿಂದ ಅದನ್ನು ಕಲಿಸಲು ಆಗುವುದಿಲ್ಲ.

ಯಾರು, ಯಾವಾಗ, ಏನು ಬದಲಿಸಿದರು ಎಂಬುದು ವಿಕಿಯ ‘ಇತಿಹಾಸ’ ಪುಟದಲ್ಲಿ ಉಳಿದಿರುತ್ತದೆ. ಅಂಕ ಕೊಡುವಾಗ ನಾನು ಕೊನೆಯ ಬರಹಕ್ಕಿಂತ ಆ ಪುಟವನ್ನೇ ಹೆಚ್ಚು ನೋಡುತ್ತೇನೆ. ಒಂದೇ ಏಟಿಗೆ ನಾಲ್ಕು ಪ್ಯಾರಾ ಬಂದು ಕೂತಿದ್ದರೆ ಅದು ಬಹುಶಃ ಎಲ್ಲಿಂದಲೋ ತಂದದ್ದು, ಇಲ್ಲವೇ ಯಂತ್ರ ಅನುವಾದಿಸಿದ್ದು. ಗದರಿಸಬೇಡಿ. ‘ಈ ವಾಕ್ಯವನ್ನು ನಿನ್ನ ತಂಗಿಗೆ ಹೇಗೆ ಹೇಳ್ತೀಯಾ?’ ಎಂದು ಕೇಳಿ. ಬಾಯಲ್ಲಿ ಹೇಳಿದ್ದನ್ನೇ ಬರೆಸಿ.

ಬ್ಲಾಗಿನ ಕೆಳಗೆ ಪ್ರತಿಕ್ರಿಯೆ ಬರೆಯುವುದಕ್ಕೂ ತರಬೇತಿ ಬೇಕು. ‘ಸೂಪರ್’ ಅಂತ ಸುಮ್ನೆ ಬರೆದು ಹೋಗುವಂತಿಲ್ಲ. ಇಷ್ಟವಾದ ಒಂದು ಸಾಲು, ಅರ್ಥವಾಗದ ಒಂದು ಕಡೆ, ಇಷ್ಟನ್ನು ಬರೆಯಲೇಬೇಕು.

ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯದಲ್ಲಿ ಬರೆದು ಕಲಿಯಲು ಇರುವ ‘ನನ್ನ ಪ್ರಯೋಗಪುಟ’ದಲ್ಲಿ ಓದಿನ ಭಾಗವಾಗಿಯೇ ಬರೆದಿದ್ದಾರೆ. ಕಾಲೇಜಿಗೆ ಅದು ಸರಿ. ಹೈಸ್ಕೂಲ್ ಮಕ್ಕಳಿಗೆ ಶಾಲೆಯೊಳಗಿನ ವಿಕಿಯೇ ಒಳ್ಳೆಯದು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಎಂಬ ತಂತ್ರಾಂಶಕ್ಕೆ ದುಡ್ಡಿಲ್ಲ. ಅದನ್ನು ಶಾಲೆಯ ಕಂಪ್ಯೂಟರಿಗೆ ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮ ರಾಜ್ಯದ ಶಿಕ್ಷಕರು ಪಾಠದ ಸಾಮಗ್ರಿ ಹಂಚಿಕೊಳ್ಳುವ ಕೋಯರ್ (KOER) ತಾಣವೂ ಮೀಡಿಯಾವಿಕಿಯಲ್ಲೇ ಇದೆ. ಟೈಪಿಂಗ್ ಮಾತ್ರ ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ ಇರಲಿ. ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಬಹುದು.

ಹೊರಗಿನವರು ಓದುವ ಬ್ಲಾಗಾದರೆ ಮಗುವಿನ ಪೂರ್ತಿ ಹೆಸರು, ಫೋಟೋ, ಮನೆ ವಿಳಾಸ ಬೇಡ. 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಹಾಗಾಗಿ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಕಂಪ್ಯೂಟರೇ ಇಲ್ಲದ ಶಾಲೆಗಳೂ ಇವೆ. ಅಲ್ಲಿ ಒಂದು ಲಾಂಗ್ ನೋಟ್‌ಬುಕ್ ಸಾಕು. ಎಡ ಪುಟದಲ್ಲಿ ಬರಹ, ಬಲ ಪುಟದಲ್ಲಿ ಉಳಿದವರ ಪ್ರಶ್ನೆ, ಪ್ರತಿ ತಿದ್ದುಪಡಿಗೂ ತಾರೀಖು ಮತ್ತು ಸಹಿ. ವಾರಕ್ಕೊಂದು ಪಿರಿಯಡ್ ಕೊಡಿ. ಎಸ್ಸೆಸ್ಸೆಲ್ಸಿಯ ಗಡಿಬಿಡಿಯಲ್ಲಿ ಇದಕ್ಕೆ ಪುರುಸೊತ್ತು ಸಿಗುವುದಿಲ್ಲ. ಎಂಟನೇ ತರಗತಿಯಲ್ಲಿ, ಜೂನ್ ತಿಂಗಳಲ್ಲೇ ಶುರು ಮಾಡಿ.