ಹಾರ್ವರ್ಡ್ ಮತ್ತು ಕೇಂಬ್ರಿಜ್ ನಗರಸಭೆ: ಹಳೆಯ ಜಗಳದ ಜಾಡು

1976ರ ಜೂನ್ 23ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರಸಭೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೆಸರಾಂತ ಜೀವವಿಜ್ಞಾನಿಗಳು ಮೇಯರ್ ಆಲ್ಫ್ರೆಡ್ ವೆಲ್ಲೂಚಿ ಅವರ ಪ್ರಶ್ನೆಗಳಿಗೆ ಉತ್ತರ ಹೇಳಲು ನಿಂತಿದ್ದರು. ಒಂದು ಜೀವಿಯ ವಂಶವಾಹಿಯನ್ನು ಕತ್ತರಿಸಿ ಇನ್ನೊಂದಕ್ಕೆ ಜೋಡಿಸುವ ಪ್ರಯೋಗಗಳಿಗಾಗಿ ಹಾರ್ವರ್ಡ್ ಪ್ರತ್ಯೇಕ ಪ್ರಯೋಗಾಲಯವನ್ನು ಸಿದ್ಧಪಡಿಸಲು ಹೊರಟಿತ್ತು. ಅಲ್ಲಿಂದ ರೋಗಾಣು ಹೊರಬಿದ್ದರೆ ಊರಿನ ಗತಿಯೇನು ಎಂಬುದು ಮೇಯರ್ ಅವರ ಪ್ರಶ್ನೆಯಾಗಿತ್ತು. ಇದೇ ಆತಂಕವನ್ನು ನೊಬೆಲ್ ಪುರಸ್ಕೃತ ಜಾರ್ಜ್ ವಾಲ್ಡ್ ಅವರಂತಹ ಹಾರ್ವರ್ಡ್‌ನ ಪ್ರಾಧ್ಯಾಪಕರೇ ವ್ಯಕ್ತಪಡಿಸಿದ್ದರಿಂದ, ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ವಿಶ್ವವಿದ್ಯಾಲಯಕ್ಕೆ ಸಾಧ್ಯವಾಗಲಿಲ್ಲ.

ಆದರೆ ಈ ಜಗಳ ಹುಟ್ಟಿದ್ದು ರೋಗಾಣುವಿನಿಂದಲ್ಲ. 1636ರಲ್ಲಿ ಆರಂಭವಾದ ಹಾರ್ವರ್ಡ್‌ನ ಹಕ್ಕು ಮತ್ತು ಸವಲತ್ತುಗಳನ್ನು 1780ರ ರಾಜ್ಯ ಸಂವಿಧಾನವೇ ಹೆಸರಿಸಿ ಕಾಪಾಡುತ್ತದೆ; ಶಿಕ್ಷಣಕ್ಕೆ ಬಳಕೆಯಾಗುವ ಅದರ ಕಟ್ಟಡಗಳಿಗೆ ಆಸ್ತಿ ತೆರಿಗೆಯಿಲ್ಲ. ಅಲ್ಲಿನ ನಗರಗಳು ಮುಖ್ಯವಾಗಿ ನಡೆಯುವುದೇ ಆಸ್ತಿ ತೆರಿಗೆಯಿಂದ. ಹೀಗಾಗಿ ವಿಶ್ವವಿದ್ಯಾಲಯವು ಒಂದು ಮನೆಯನ್ನು ಕೊಂಡು ತರಗತಿಯಾಗಿಸಿದರೆ ಅದು ತೆರಿಗೆ ಪಟ್ಟಿಯಿಂದ ಹೊರಗೆ ಹೋಗುತ್ತದೆ, ಅದರ ಮುಂದಿನ ರಸ್ತೆ, ಅಗ್ನಿಶಾಮಕ ದಳ ಮತ್ತು ಪೊಲೀಸರ ಖರ್ಚು ಮಾತ್ರ ಉಳಿದ ಮನೆಗಳವರ ಮೇಲೆ ಬೀಳುತ್ತದೆ.

ಕೇಂಬ್ರಿಜ್‌ನ ಪೂರ್ವ ಭಾಗದ ಕಾರ್ಮಿಕ ಕೇರಿಗಳಿಂದ ಬಂದ ವೆಲ್ಲೂಚಿ ಈ ಅಸಮಾಧಾನವನ್ನೇ ತಮ್ಮ ರಾಜಕೀಯದ ಬಂಡವಾಳ ಮಾಡಿಕೊಂಡಿದ್ದರು. ಹಾರ್ವರ್ಡ್ ಯಾರ್ಡ್ ಎಂಬ ವಿಶ್ವವಿದ್ಯಾಲಯದ ಹಳೆಯ ಅಂಗಳವನ್ನು ವಶಪಡಿಸಿಕೊಂಡು ವಾಹನ ನಿಲ್ದಾಣ ಮಾಡಬೇಕೆಂದು ಅವರು ಹಿಂದೊಮ್ಮೆ ಸೂಚಿಸಿದ್ದುಂಟು. ಅದು ಆಗುವ ಮಾತಲ್ಲವೆಂದು ಅವರಿಗೂ ಗೊತ್ತಿತ್ತು, ಮತದಾರರಿಗೂ ಗೊತ್ತಿತ್ತು. ತೆರಿಗೆಯ ಮೂಲಕ ಹಾರ್ವರ್ಡನ್ನು ಮುಟ್ಟಲಾಗದ ನಗರಸಭೆಗೆ ಸಾರ್ವಜನಿಕ ಆರೋಗ್ಯದ ನೆಪದಲ್ಲಿ ಅದರ ಬಾಗಿಲೊಳಗೆ ಕಾಲಿಡುವ ಅವಕಾಶ 1976ರಲ್ಲಿ ಸಿಕ್ಕಿತು ಎಂದರೆ ತಪ್ಪಾಗಲಾರದು, ಆದರೂ ನೆಪವೆಂದ ಮಾತ್ರಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ.

ಅದೇ ಜುಲೈನಲ್ಲಿ ನಗರಸಭೆ ಇಂತಹ ಪ್ರಯೋಗಗಳನ್ನು ಮೂರು ತಿಂಗಳು ತಡೆಹಿಡಿಯುವಂತೆ ಕೇಳಿತು. ಆ ಅವಧಿ ಮುಂದೆ ವಿಸ್ತರಣೆಯಾಯಿತು. ಈ ನಡುವೆ ಆ ಕ್ಷೇತ್ರದ ಸಂಶೋಧಕರಲ್ಲದ ಊರಿನ ನಾಗರಿಕರ ಸಮಿತಿಯೊಂದು ತಿಂಗಳುಗಟ್ಟಲೆ ಇಬ್ಬದಿಯ ವಾದಗಳನ್ನು ಆಲಿಸಿತು. ಒಬ್ಬ ನರ್ಸ್ ಮತ್ತು ಒಬ್ಬ ಕ್ರೈಸ್ತ ಸನ್ಯಾಸಿನಿಯೂ ಇದ್ದ ಆ ಸಮಿತಿಯಿಂದ ಏನಾದೀತು ಎಂದು ಮೂಗು ಮುರಿದವರು ಅದರ ವರದಿ ಕಂಡು ಸುಮ್ಮನಾಗಬೇಕಾಯಿತು. ನಿಷೇಧ ಬೇಡ, ಕೇಂದ್ರದ ಮಾರ್ಗಸೂಚಿಗಿಂತ ತುಸು ಬಿಗಿಯಾದ ನಿಯಮ ಸಾಕು ಎಂದು ಸಮಿತಿ ಹೇಳಿತು. 1977ರ ಫೆಬ್ರುವರಿಯಲ್ಲಿ ಅದು ನಗರದ ಕಾನೂನಾಯಿತು. ವಿಚಿತ್ರವೆಂದರೆ, ಯಾವುದಕ್ಕೆ ಅನುಮತಿಯಿದೆ, ಯಾವುದಕ್ಕಿಲ್ಲ ಎಂಬುದು ಹೀಗೆ ಸ್ಪಷ್ಟವಾಗಿದ್ದುದೇ ಮುಂದೆ ಜೈವಿಕ ತಂತ್ರಜ್ಞಾನ ಕಂಪನಿಗಳನ್ನು ಆ ಊರಿಗೆ ಸೆಳೆದ ಕಾರಣಗಳಲ್ಲಿ ಒಂದಾಯಿತು. ತೆರಿಗೆ ಕಟ್ಟುವ ಆ ಕಂಪನಿಗಳಲ್ಲಿ ಮೊದಮೊದಲು ಬಂದ ಬಯೋಜೆನ್‌ನ ಸ್ಥಾಪಕರಲ್ಲಿ ಹಾರ್ವರ್ಡ್‌ನ ವಾಲ್ಟರ್ ಗಿಲ್ಬರ್ಟ್ ಒಬ್ಬರು.

ಜಮೀನಿನ ತಕರಾರು ಮಾತ್ರ ಬಗೆಹರಿಯದೆ ಚಾರ್ಲ್ಸ್ ನದಿಯನ್ನೂ ದಾಟಿತು. ಆಚೆ ದಡದಲ್ಲಿರುವ ಬಾಸ್ಟನ್ ನಗರದ ಆಲ್‌ಸ್ಟನ್ ಬಡಾವಣೆಯಲ್ಲಿ ಸುಮಾರು 52 ಎಕರೆ ಜಾಗವನ್ನು ಮಧ್ಯವರ್ತಿ ಸಂಸ್ಥೆಯ ಮೂಲಕ ತನ್ನ ಹೆಸರು ಹೊರಬೀಳದಂತೆ ಕೊಂಡಿದ್ದಾಗಿ ಹಾರ್ವರ್ಡ್ 1997ರಲ್ಲಿ ಒಪ್ಪಿಕೊಂಡಿತು. ಕೊಳ್ಳುವವರು ಯಾರೆಂದು ತಿಳಿದರೆ ಬೆಲೆ ಏರುತ್ತಿತ್ತು ಎಂಬುದು ಅದರ ಸಮಜಾಯಿಷಿ. ವ್ಯವಹಾರದ ದೃಷ್ಟಿಯಿಂದ ಇದು ಸರಿಯೇ ಇರಬಹುದು, ಆದರೆ ಮೇಯರ್ ಥಾಮಸ್ ಮೆನಿನೊ ಸಿಟ್ಟಾದರು.

ಅವರ ಆಡಳಿತದ ಕೊನೆಯ ವರ್ಷಗಳಲ್ಲಿ ಬಾಸ್ಟನ್, 1.5 ಕೋಟಿ ಡಾಲರ್‌ಗಿಂತ ಹೆಚ್ಚಿನ ತೆರಿಗೆರಹಿತ ಆಸ್ತಿಯಿರುವ ವಿಶ್ವವಿದ್ಯಾಲಯ, ಆಸ್ಪತ್ರೆ ಮೊದಲಾದ ಸಂಸ್ಥೆಗಳು ತೆರಿಗೆಯಿದ್ದಿದ್ದರೆ ಕಟ್ಟಬೇಕಾಗಿದ್ದ ಮೊತ್ತದ ಶೇ. 25ರಷ್ಟನ್ನು ಕೊಡಬೇಕೆಂದು ಕೇಳುವ ಪದ್ಧತಿಯನ್ನು ತಂದಿತು. ಊರಿಗೆ ಮಾಡಿದ ಸೇವೆಗಳ ಲೆಕ್ಕ ತೋರಿಸಿದರೆ ಅದರಲ್ಲಿ ಅರ್ಧದವರೆಗೆ ಕಳೆದುಕೊಳ್ಳಬಹುದು. ಇದು ಕಾನೂನಿನ ಬಲವಿಲ್ಲದ ಕೋರಿಕೆಯಾದ್ದರಿಂದ ಸಂಸ್ಥೆ ಕಡಿಮೆ ಕೊಟ್ಟರೂ ನಗರ ಅದನ್ನು ವಸೂಲಿ ಮಾಡಲಾರದು. ಕೇಳಿದ್ದಕ್ಕಿಂತ ಕಡಿಮೆ ಕೊಟ್ಟ ಸಂಸ್ಥೆಗಳು ಹಲವಿವೆ.